ತಾನೇ ಹಾದಿ ತೋಡಿಕೊಂಡ ಬೆಳಕು

ಗಾಜಿನ ಕೋಣೆಯ ಬಾಗಿಲನ್ನು ತಟ್ಟದೆ ತೆರೆಯುವ ಧೈರ್ಯ ಆ ಸಂಸ್ಥೆಯಲ್ಲಿ ಯಾರಿಗೂ ಇರಲಿಲ್ಲ. ಅರ್ಧ ಧೂಳಿನ ಭಯ, ಇನ್ನರ್ಧ ಒಳಗೆ ಕೂತವಳ ಬಾಯಿಯ ಭಯ. ಅಂಥ ಬಾಗಿಲು ಒಂದು ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ದಡಾರನೆ ತೆರೆದುಕೊಂಡಿತು.

“ಈ ಸೆಲ್ ಮಾಡಿದ್ದು ಯಾರು?”

ಕೇಳಿದವನು ಲೇಸರ್ ಕೋಣೆಗೆ ಬಂದು ಎಂಟೇ ದಿನವಾಗಿದ್ದ ಹೊಸ ವಿಜ್ಞಾನಿ. ಕೈಯಲ್ಲಿ ಅಂಚೆಚೀಟಿಯಷ್ಟಗಲದ ಗಾಜು. ನೋಡಲು ಒಂದೇ ತುಂಡು, ನಿಜಕ್ಕೂ ಎರಡು. ನಡುವೆ ಕೂದಲೆಳೆಯಷ್ಟು ಸಂದು, ಆ ಸಂದಿನಲ್ಲಿ ಲಿಕ್ವಿಡ್ ಕ್ರಿಸ್ಟಲ್ ಎಂಬ ದ್ರವ. ಇದಕ್ಕೇ ಅಲ್ಲಿ ಸೆಲ್ ಅನ್ನುತ್ತಿದ್ದರು.

ಒಳಗಿದ್ದವಳು ತಲೆಯೆತ್ತಲಿಲ್ಲ. ಅವಳ ಎಡಗೈ ಮಖಮಲ್ಲಿನ ತುಂಡಿನಿಂದ ಇನ್ನೊಂದು ಗಾಜನ್ನು ಉಜ್ಜುತ್ತಿತ್ತು. ಒಂದೇ ದಿಕ್ಕಿಗೆ, ಒಂದೇ ಭಾರದಲ್ಲಿ, ಮಲಗಿದ ಮಗುವಿನ ಬೆನ್ನು ಸವರಿದ ಹಾಗೆ.

“ಬಾಗಿಲು,” ಅಂದಳು.

“ಏನು?”

“ಬಾಗಿಲು ಹಾಕಿ. ಧೂಳು ಬರುತ್ತೆ. ಆಮೇಲೆ ಜಗಳ ಆಡಿ, ನಂಗೇನೂ ಅವಸರ ಇಲ್ಲ.”

ಅವನು ಬಾಗಿಲು ಹಾಕಿದ. ಬಂದ ಆವೇಶದಲ್ಲಿ ಅರ್ಧ ಅಲ್ಲೇ ಇಳಿದುಹೋಯಿತು. ಅವಳಿಗೆ ಮೂವತ್ತೈದು ವಯಸ್ಸು. ಆದರೆ ನಿವೃತ್ತಿಯ ಅಂಚಿನಲ್ಲಿದ್ದವರೂ ಅವಳನ್ನು ಗಾಜಕ್ಕ ಅಂತಲೇ ಕರೆಯುತ್ತಿದ್ದರು. ಹೀಗೆ ಉಜ್ಜಿದ ಗಾಜಿನ ಮೇಲೆ ದ್ರವದ ಕಣಗಳು ಕಡ್ಡಿಪೆಟ್ಟಿಗೆಯ ಕಡ್ಡಿಗಳಂತೆ ಒಂದೇ ದಿಕ್ಕಿಗೆ ಸಾಲಾಗಿ ಮಲಗುತ್ತವೆ. ಅವಳ ಹನ್ನೊಂದು ವರ್ಷದ ಕೆಲಸವೆಂದರೆ ಆ ಸಾಲು ಕೆಡದ ಹಾಗೆ ನೋಡಿಕೊಳ್ಳುವುದು.

“ಬೆಳಕು ಬಲಕ್ಕೆ ಏಳು ಡಿಗ್ರಿ ವಾಲಬೇಕು ಅಂತ ನಿಮ್ಮ ಚೀಟಿಯಲ್ಲೇ ಬರೆದಿದೆ. ಇದರಲ್ಲಿ ಎಡಕ್ಕೆ ವಾಲ್ತಿದೆ. ಉಜ್ಜೋವಾಗ ದಿಕ್ಕು ತಪ್ಪಿದ್ದೀರಿ.”

“ಎಡಕ್ಕೆ ಎಷ್ಟು?”

“ಏಳು.”

“ಸರಿಯಾಗಿ ಏಳು?”

“ಸರಿಯಾಗಿ ಏಳು.”

ಗಾಜಕ್ಕ ಮಖಮಲ್ಲನ್ನು ಮಡಿಸಿಟ್ಟಳು. “ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಸಾಹೇಬ್ರೇ, ನೀವು ಸೆಲ್ಲನ್ನ ತಲೆಕೆಳಗೆ ಇಟ್ಟಿದ್ದೀರಿ.”

“ಗುರುತು ನೋಡೇ ಇಟ್ಟಿದ್ದೀನಿ. ಗೀರು ಮೇಲಿನ ಬಲಮೂಲೆಗೆ ಬರಬೇಕು. ಜಗತ್ತಲ್ಲಿ ಎಲ್ಲರೂ ಹಾಗೇ ಮಾಡೋದು.”

“ಜಗತ್ತು ಬಲಗೈಯಲ್ಲಿ ಉಜ್ಜುತ್ತೆ. ನಾನು ಎಡಗೈಯಲ್ಲಿ. ನನ್ನ ಗೀರು ಕೆಳಗಿನ ಬಲಮೂಲೇಲಿ ಇರುತ್ತೆ. ನಿಮಗಿಂತ ಮುಂಚೆ ಇದ್ದೋರಿಗೆ ಅದು ಗೊತ್ತಿತ್ತು.”

“ಹಾಗಾದ್ರೆ ಇನ್ಮುಂದೆ ಎಲ್ಲರ ಹಾಗೆ ಹಾಕಬಹುದಲ್ವಾ?”

“ಹಾಕಬಹುದು. ಹಾಕಲ್ಲ.”

ಅವನ ಮುಖ ಇಂಗು ತಿಂದ ಮಂಗನಂತಾಯಿತು. ಆದರೆ ಅವನು ಸಿಟ್ಟಾಗಲಿಲ್ಲ. ಸೆಲ್ಲನ್ನು ಕಣ್ಣಿನ ಹತ್ತಿರ ಹಿಡಿದು, ಮಗುಚಿ, ಮತ್ತೆ ಮಗುಚಿ, ಗೀರನ್ನು ಹುಡುಕಿ, ಕೊನೆಗೆ ಮನಸಾರೆ ನಕ್ಕ. ತನ್ನ ತಪ್ಪಿಗೆ ತಾನೇ ನಗುವ ಗಂಡಸನ್ನು ಗಾಜಕ್ಕ ನೋಡಿ ಬಹಳ ಕಾಲವಾಗಿತ್ತು.

“ಬನ್ನಿ, ನೀವೇ ಇಟ್ಟು ತೋರಿಸಿ,” ಅಂದ.

“ಎಲ್ಲಿಗೆ?”

“ಲೇಸರ್ ಕೋಣೆಗೆ. ನಿಮ್ಮ ಸೆಲ್ಲಲ್ಲಿ ಬೆಳಕು ಹೇಗೆ ಹೋಗುತ್ತೆ ಅಂತ ನೋಡೇ ಇರ್ತೀರಲ್ಲ.”

ಅವಳು ಮಡಿಸಿಟ್ಟ ಮಖಮಲ್ಲನ್ನು ಮತ್ತೆ ಬಿಡಿಸಿದಳು. ಅವನಿಗೆ ಅರ್ಥವಾಗಲು ಎರಡು ಕ್ಷಣ ಬೇಕಾಯಿತು.

“ಹನ್ನೊಂದು ವರ್ಷದಲ್ಲಿ ಒಂದ್ಸಲನೂ ನೋಡಿಲ್ವಾ?”

“ಯಾರೂ ಕರೀಲಿಲ್ಲ.”

“ನಾನು ಕರೀತಿದ್ದೀನಿ,” ಅಂದ ಅವನು. ಆ ಮಾತಿನಲ್ಲಿ ಅಂಥದ್ದೇನೂ ಇರಲಿಲ್ಲ, ಆದರೂ ಗಾಜಕ್ಕನಿಗೆ ಅದು ಆ ದಿನವೆಲ್ಲ ಕಿವಿಯಲ್ಲೇ ಉಳಿಯಿತು.

ಲೇಸರ್ ಕೋಣೆ ತಣ್ಣಗಿತ್ತು. ಅವನು ಅವಳಿಗೆ ಕಿತ್ತಳೆ ಬಣ್ಣದ ರಕ್ಷಣಾ ಕನ್ನಡಕ ಕೊಟ್ಟ, ತಾನೂ ಒಂದು ಹಾಕಿಕೊಂಡ. ಅವಳು ಸೆಲ್ಲನ್ನು ಮಗುಚಿ, ತನ್ನ ಗೀರು ತನ್ನ ಮೂಲೆಗೆ ಬರುವಂತೆ ಇಟ್ಟಳು. ಮೇಲಿನಿಂದ ಕ್ಯಾಮೆರಾ ಅದನ್ನೇ ದಿಟ್ಟಿಸುತ್ತಿತ್ತು. ಪರದೆಯ ಮೇಲೆ ಒಂದು ಬಿಳಿ ಬೀಸಣಿಗೆ ಮೂಡಿತು. ಹೊಕ್ಕ ಕಡೆ ಚೂಪು, ಮುಂದೆ ಹೋದಂತೆ ಅಗಲ, ಕೊನೆಗೆ ಮಾಸಲು.

“ಇಷ್ಟೇನಾ?” ಅವಳ ದನಿಯಲ್ಲಿ ನಿರಾಸೆ ಮುಚ್ಚುಮರೆಯಿಲ್ಲದೆ ಕೇಳಿಸಿತು.

“ಈಗ ಬೆಳಕು ತುಂಬಾ ಕಡಿಮೆ ಇದೆ. ಎಲ್ಲಾ ಕಡೆ ಹೀಗೇ, ಬೆಳಕು ಹೋಗ್ತಾ ಹೋಗ್ತಾ ಹರಡಿಕೊಳ್ಳುತ್ತೆ. ಸ್ವಲ್ಪ ಜಾಸ್ತಿ ಮಾಡ್ತೀನಿ, ನೋಡ್ತಿರಿ.”

ಅವನು ಗುಂಡಿ ತಿರುಗಿಸಿದ. ಒಂದು ಸೆಕೆಂಡು ಏನೂ ಆಗಲಿಲ್ಲ. ಎರಡನೆಯದಕ್ಕೆ ಬೀಸಣಿಗೆ ಮಡಚಿಕೊಳ್ಳತೊಡಗಿತು. ಅಂಚುಗಳು ಒಳಗೆ ಬಂದವು, ನಡು ಹೊಳೆಯಿತು, ನೋಡನೋಡುತ್ತಿದ್ದಂತೆ ಅಷ್ಟಗಲದ ಬೆಳಕು ಒಂದು ನೂಲಾಯಿತು. ಸಣ್ಣಗೆ ನಡುಗುತ್ತ, ಬಲಕ್ಕೆ ಏಳು ಡಿಗ್ರಿ ವಾಲಿ, ಸೆಲ್ಲಿನ ಆ ತುದಿಯವರೆಗೆ ಹೋಯಿತು.

“ಅಯ್ಯೋ,” ಅಂದಳು ಗಾಜಕ್ಕ. “ಯಾರು ಹಿಡಿದಿಟ್ಟಿದ್ದು ಅದನ್ನ?”

“ಯಾರೂ ಇಲ್ಲ. ನೀವು ಸಾಲಾಗಿ ಮಲಗಿಸಿದ ಕಡ್ಡಿಗಳಿದ್ದಾವಲ್ಲ, ಬೆಳಕು ಅವನ್ನ ತಳ್ಳಿ ಒಂಚೂರು ತಿರುಗಿಸುತ್ತೆ. ಎಲ್ಲಿ ಹೆಚ್ಚು ತಿರುಗ್ತವೋ ಬೆಳಕಿಗೆ ಆ ಕಡೆಗೇ ಸೆಳೆತ. ನಡುವೆ ಬೆಳಕು ಹೆಚ್ಚು, ಹಾಗಾಗಿ ನಡುವೆ ತಿರುಗೋದೂ ಹೆಚ್ಚು. ಕಾಲುವೆ ತೋಡೋದೂ ಅದೇ, ಅದರಲ್ಲಿ ಹರಿಯೋದೂ ಅದೇ.”

“ಆರಿಸಿದ್ರೆ?”

“ಕಡ್ಡಿಗಳು ಹಳೇ ಸಾಲಿಗೆ ಮಲಗ್ತವೆ. ದಾರಿ ಮುಚ್ಚಿಹೋಗುತ್ತೆ.”

ಗಾಜಕ್ಕ ಆ ನೂಲನ್ನು ಬಹಳ ಹೊತ್ತು ನೋಡಿದಳು. ಹನ್ನೊಂದು ವರ್ಷ ಅವಳು ಗಾಜು ತೊಳೆದಿದ್ದಳು, ಕಾಯಿಸಿದ್ದಳು, ಉಜ್ಜಿದ್ದಳು, ಅಂಟಿಸಿದ್ದಳು. ಅಂಚಿಗೆ ದ್ರವದ ಹನಿ ಇಟ್ಟು ಅದು ತಾನಾಗಿ ಒಳಗೆ ಹಬ್ಬುವವರೆಗೆ ಉಸಿರು ಬಿಗಿಹಿಡಿದಿದ್ದಳು. ಯಾವುದಕ್ಕೆ ಅಂತ ಇವತ್ತು ಗೊತ್ತಾಯಿತು. ಕನ್ನಡಕದ ಹಿಂದೆ ಅವಳ ಕಣ್ಣು ತುಂಬಿದ್ದು ಅವನಿಗೆ ಕಾಣಲಿಲ್ಲ ಅಂತ ಅವಳು ಅಂದುಕೊಂಡಳು. ಅವನಿಗೆ ಕಂಡಿತ್ತು.

ಆಮೇಲೆ ದಿನಾ ಮೂರು ಗಂಟೆಗೆ ಒಂದು ನೆಪ ಹುಟ್ಟತೊಡಗಿತು. ಸೆಲ್ಲಿನ ಅಂಚು ನೋಡಬೇಕು. ಸೆಲ್ಲಿನ ದಪ್ಪ ಕೇಳಬೇಕು. ನೆಪಗಳೆಲ್ಲ ಮುಗಿದ ಮೇಲೆ ಒಂದು ದಿನ ಅವನು ಬಾಗಿಲು ತಟ್ಟಿ, “ಇವತ್ತು ಏನೂ ಕೆಲಸ ಇಲ್ಲ, ಸುಮ್ನೆ ಬಂದೆ,” ಅಂದ.

“ಇಷ್ಟು ದಿನ ಕೆಲಸ ಇತ್ತಾ?” ಅಂದಳು ಅವಳು.

ಅವರ ಪ್ರೇಮದಲ್ಲಿ ಅರ್ಧ ಆ ಕಿತ್ತಳೆ ಕನ್ನಡಕಗಳ ಹಿಂದೆಯೇ ನಡೆಯಿತು. ಲೇಸರ್ ಉರಿಯುವಾಗ ಒಬ್ಬರ ಕಣ್ಣು ಇನ್ನೊಬ್ಬರಿಗೆ ಸರಿಯಾಗಿ ಕಾಣುವುದಿಲ್ಲ. ಯಾರು ಪರದೆ ನೋಡುತ್ತಿದ್ದಾರೆ, ಯಾರು ಪಕ್ಕದವರನ್ನು ನೋಡುತ್ತಿದ್ದಾರೆ ಅಂತ ಹೇಳುವುದು ಕಷ್ಟ. ಲೇಸರ್ ಆರಿಸಿ ಇಬ್ಬರೂ ಒಟ್ಟಿಗೆ ಕನ್ನಡಕ ತೆಗೆದಾಗ ಸಿಕ್ಕಿಬೀಳುತ್ತಿದ್ದರು. ಅವಳು ತಕ್ಷಣ ಗಡಿಯಾರ ನೋಡುತ್ತಿದ್ದಳು. ಅವನು ಗಡಿಯಾರ ನೋಡುವ ಅವಳನ್ನು ನೋಡುತ್ತಿದ್ದ.

ಒಂದು ದಿನ ಅವನು ಎರಡು ನೂಲುಗಳನ್ನು ಅಕ್ಕಪಕ್ಕ ಬಿಟ್ಟು ತೋರಿಸಿದ. ನೇರ ಹೊರಟ ಎರಡೂ ಸ್ವಲ್ಪ ದೂರ ಹೋಗುವಷ್ಟರಲ್ಲಿ ಒಂದರ ಕಡೆ ಒಂದು ಬಾಗಿ, ಮುಂದೆ ಒಂದಾಗಿಬಿಟ್ಟವು.

“ತಾಗಿರಲೇ ಇಲ್ವಲ್ಲ. ನಡುವೆ ಕತ್ತಲೆ ಇತ್ತು. ಹೇಗೆ ಸೆಳೀತು?”

“ಒಂದು ಕಡ್ಡಿ ತಿರುಗಿದ್ರೆ ಪಕ್ಕದ್ದೂ ತಿರುಗುತ್ತೆ, ಅದರ ಪಕ್ಕದ್ದೂ. ಬೆಳಕು ಇರೋ ಜಾಗಕ್ಕಿಂತ ಅದರ ಸೆಳೆತ ದೂರ ಹೋಗುತ್ತೆ.”

“ನಮ್ಮ ಬೀದಿ ಹಾಗೆ. ನಾನಿಲ್ಲಿ ಸೀನಿದ್ರೆ ನಾಲ್ಕನೇ ಮನೇಲಿ ಔಷಧಿ ಹುಡುಕ್ತಾರೆ.”

ಅವನು ನಗಲಿಲ್ಲ. “ನನಗೆ ನಿಮ್ಮ ಕೋಣೆ ಬಾಗಿಲು ತಟ್ಟೋಕೆ ಮುಂಚೆನೇ ಎದೆ ಹೊಡ್ಕೊಳ್ಳುತ್ತೆ,” ಅಂದ. “ಕಾರಿಡಾರಿನ ಆ ತುದಿಯಿಂದಾನೇ. ಇದನ್ನ ಹೇಳ್ಬೇಕೋ ಬೇಡ್ವೋ ಗೊತ್ತಾಗ್ಲಿಲ್ಲ. ಹೇಳ್ಬಿಟ್ಟೆ.”

ಅವಳು ಕನ್ನಡಕ ತೆಗೆದಳು. ಗಡಿಯಾರ ನೋಡಲಿಲ್ಲ.

“ನಾನು ಗಂಡನ್ನ ಬಿಟ್ಟು ಬಂದೋಳು, ಗೊತ್ತಾ?”

“ಗೊತ್ತು.”

“ಯಾಕೆ ಅಂತ ಗೊತ್ತಾ? ಹೊಡೀಲಿಲ್ಲ, ಬೈಲಿಲ್ಲ. ನನ್ನೊಂದು ಮಾತು ಕೇಳದೆ ನನ್ನ ಬಗ್ಗೆ ಎಲ್ಲಾ ತೀರ್ಮಾನ ಮಾಡ್ತಿದ್ದ. ಎಲ್ಲಾ ನನ್ನ ಒಳ್ಳೇದಕ್ಕೇ. ನಾಲ್ಕು ವರ್ಷ ಆದ್ಮೇಲೆ ನಂಗೇನು ಬೇಕು ಅಂತ ನಂಗೇ ಮರೆತುಹೋಗಿತ್ತು. ಡೈವೋರ್ಸ್ ಆಯ್ತು, ಆಮೇಲೆ ಈ ಕೋಣೆ ಸಿಕ್ತು. ಇಲ್ಲಿ ಯಾವ ಗಾಜು ಸರಿ, ಯಾವುದು ತಪ್ಪು ಅಂತ ಹೇಳೋಳು ನಾನು. ಇದನ್ನ ಮಾತ್ರ ನಾನು ಯಾರಿಗೋಸ್ಕರಾನೂ ಬಿಡಲ್ಲ. ನಿನಗೋಸ್ಕರಾನೂ.”

ಅವಳ ಬಾಯಲ್ಲಿ ಮೊದಲ ಸಲ ‘ನೀನು’ ಬಂದಿತ್ತು. ಅವನು ಉಳಿದ ಮಾತುಗಳಿಗಿಂತ ಅದನ್ನೇ ಹೆಚ್ಚು ಕೇಳಿಸಿಕೊಂಡ. ಅಲ್ಲೇ ಅವನು ಎಡವಿದ್ದು.

ಸುದ್ದಿ ಅಣ್ಣನ ಮನೆ ತಲುಪಲು ಮೂರು ವಾರ ಸಾಕಾಯಿತು. ಗಾಜಕ್ಕ ಅಣ್ಣ-ಅತ್ತಿಗೆಯ ಮಹಡಿಯ ಮೇಲಿನ ಒಂದು ಕೋಣೆಯಲ್ಲಿ ಇದ್ದಳು. ಅಣ್ಣ ಪೇಪರಿನ ಹಿಂದೆ ಮುಖ ಮರೆಸಿಕೊಂಡ, ಮಾತಾಡಿದ್ದು ಅತ್ತಿಗೆ.

“ಹುಡುಗ ನಿನಗಿಂತ ನಾಲ್ಕು ವರ್ಷ ಚಿಕ್ಕೋನಂತೆ. ಆಗ್ಲಿ ಬಿಡು, ಈ ಕಾಲದಲ್ಲಿ ಅದನ್ನೆಲ್ಲ ಯಾರು ನೋಡ್ತಾರೆ. ಆದ್ರೆ ನಿಮ್ಮ ಸಂಸ್ಥೇಲಿ ಗಂಡ ಹೆಂಡತಿ ಒಂದೇ ವಿಭಾಗದಲ್ಲಿ ಇರೋ ಹಾಗಿಲ್ವಂತಲ್ಲ?”

“ಹಾಗಂತಾರೆ.”

“ಮತ್ತಿನ್ನೇನು. ಅವನು ವಿಜ್ಞಾನಿ, ಅವನು ಬಿಡೋಕಾಗುತ್ತಾ? ನಿಂದೇನು, ಗಾಜು ಉಜ್ಜೋದು ತಾನೆ. ಯಾರಾದ್ರೂ ಒಬ್ಬರು ಬಗ್ಗಲೇಬೇಕು ಕಣೆ.”

“ಯಾವಾಗ್ಲೂ ಆ ಒಬ್ಬರು ನಾನೇ ಯಾಕೆ ಆಗ್ಬೇಕು ಅತ್ತಿಗೆ?”

ಪೇಪರ್ ಒಂದು ಪುಟ ಮಗುಚಿತು.

ಮರುದಿನ ಮುಖ್ಯಸ್ಥೆಯಿಂದ ಕರೆ ಬಂತು. ಎಲ್ಲರೂ ಆಕೆಯನ್ನು ದೊಡ್ಡ ಮೇಡಂ ಅನ್ನುತ್ತಿದ್ದರು. ಎತ್ತರದ ನಿಲುವು, ಬೆಳ್ಳಗಾದ ಕೂದಲು, ಒಂಟಿ ಜೀವ, ವಿನಾಕಾರಣ ನಗದ ಮುಖ. ಅವರಿಬ್ಬರನ್ನೂ ಎದುರು ಕೂರಿಸಿಕೊಂಡು ಆಕೆ ಸುತ್ತುಬಳಸದೆ ಕೇಳಿದರು:

“ಕೇಳಿದ್ದು ನಿಜಾನಾ?”

“ನಿಜ,” ಅಂದಳು ಗಾಜಕ್ಕ.

“ಹಾಗಾದ್ರೆ ನಿಯಮ ಗೊತ್ತಲ್ಲ. ಮದುವೆ ಆಗೋದಾದ್ರೆ ಇಬ್ಬರಲ್ಲಿ ಒಬ್ಬರು ಈ ವಿಭಾಗ ಬಿಡಬೇಕು. ಬೇರೆ ಊರಿನ ಶಾಖೆ ಇದೆ. ಅಲ್ಲಿ ಗಾಜಿನ ಕೋಣೆ ಇಲ್ಲ, ಉಗ್ರಾಣದಲ್ಲಿ ಒಂದು ಜಾಗ—”

“ನಾನು ಹೋಗ್ತೀನಿ ಮೇಡಂ,” ಅಂದ ಅವನು, ಆಕೆ ಮಾತು ಮುಗಿಸುವ ಮೊದಲೇ. ಜೇಬಿನಿಂದ ಒಂದು ಪತ್ರ ತೆಗೆದ. “ವರ್ಗಾವಣೆ ಅರ್ಜಿ. ನಿನ್ನೇನೇ ಬರೆದಿಟ್ಟಿದ್ದೆ.”

ಹೇಳಿ ಅವನು ಗಾಜಕ್ಕನ ಕಡೆ ತಿರುಗಿದ. ಆ ನೋಟದಲ್ಲಿ ಎಷ್ಟು ಪ್ರೀತಿಯಿತ್ತೋ, ಶಾಬಾಸ್ ಅನ್ನಿಸಿಕೊಳ್ಳುವ ಆಸೆಯೂ ಅಷ್ಟೇ ಇತ್ತು. ಗಾಜಕ್ಕ ಎದ್ದು ಹೊರಗೆ ಹೋದಳು.

ಅವನು ಗಾಜಿನ ಕೋಣೆಯ ಬಾಗಿಲು ತಟ್ಟಿದ. ಮತ್ತೆ ತಟ್ಟಿದ.

“ಬಾ. ಬಾಗಿಲು ಹಾಕು.”

“ನಿನ್ನ ಕೋಣೆ ಉಳೀಲಿ ಅಂತಾನೇ ಕಣೆ ಮಾಡಿದ್ದು. ನೀನೇ ಹೇಳಿದ್ದೆಯಲ್ಲ, ಬಿಡಲ್ಲ ಅಂತ.”

“ತ್ಯಾಗ ಮಾಡು ಅಂತ ನಿನ್ನ ಯಾರು ಕೇಳಿದ್ರು?” ಅವಳ ದನಿ ಏರಿತು. “ನಿನ್ನೆ ಬರೆದಿಟ್ಟೆ. ನಿನ್ನೆ ಮೂರು ಗಂಟೆಗೆ ನನ್ನ ಜೊತೆ ಕೂತು ಕಾಫಿ ಕುಡಿದೆ. ಜೇಬಲ್ಲಿ ಪತ್ರ ಇತ್ತು, ಬಾಯಲ್ಲಿ ಒಂದು ಮಾತಿಲ್ಲ. ನಾನು ಎಲ್ಲಿರ್ಬೇಕು, ನೀನು ಎಲ್ಲಿರ್ಬೇಕು, ವಾರಕ್ಕೆ ಎಷ್ಟು ಸಲ ಮುಖ ನೋಡ್ಬೇಕು, ಎಲ್ಲಾ ನೀನೊಬ್ನೇ ತೀರ್ಮಾನ ಮಾಡ್ದೆ. ನನ್ನ ಒಳ್ಳೇದಕ್ಕೆ. ಈ ಸಿನಿಮಾ ನಾನು ನೋಡಿದ್ದೀನಿ ಮಾರಾಯ. ನಾಲ್ಕು ವರ್ಷ ನೋಡಿದ್ದೀನಿ.”

ತಾನು ಬಿಟ್ಟುಕೊಟ್ಟಿದ್ದು ಅವಳಿಗೆ ಕಿತ್ತುಕೊಂಡಂತೆ ಕಂಡೀತು ಅಂತ ಅವನಿಗೆ ಹೊಳೆದೇ ಇರಲಿಲ್ಲ. “ತಪ್ಪಾಯ್ತು,” ಅಂದ. “ನಿಜವಾಗ್ಲೂ ತಪ್ಪಾಯ್ತು. ಈಗ ಏನ್ಮಾಡೋಣ ಹೇಳು.”

“ಅದನ್ನ ಮೊದಲು ಕೇಳ್ಬೇಕಿತ್ತು.” ಅವಳು ಮುಂಗೈಯಿಂದ ಕಣ್ಣೊರೆಸಿಕೊಂಡಳು. “ಆ ನಿಯಮ ನೀನು ಓದಿದ್ದೀಯಾ?”

“ಎಲ್ಲರೂ ಹೇಳ್ತಾರಲ್ಲ.”

“ಎಲ್ಲರೂ ಹೇಳ್ತಾರೆ. ಓದಿದ್ದೀಯಾ?”

ಅವನು ಓದಿರಲಿಲ್ಲ. ಅವಳೂ ಓದಿರಲಿಲ್ಲ. ಆ ಮಧ್ಯಾಹ್ನ ಗಾಜಕ್ಕ ಕಚೇರಿಗೆ ಹೋಗಿ ನಿಯಮಾವಳಿ ಕೇಳಿದಳು. ಗುಮಾಸ್ತ ಕನ್ನಡಕ ಏರಿಸಿ, “ಇದನ್ನ ಕೇಳಿದೋರಲ್ಲಿ ನೀವೇ ಮೊದಲು,” ಅಂತ ಮೇಲಿನ ಕಪಾಟಿನಿಂದ ಒಂದು ದಪ್ಪ ಪುಸ್ತಕ ಇಳಿಸಿ ಧೂಳು ಊದಿದ. ಧೂಳು ಕಂಡರೆ ಉರಿದುಬೀಳುವವಳು ಆ ದಿನ ಅದರ ನಡುವೆಯೇ ನಿಂತು ಓದಿದಳು. ಓದಿ ಮುಗಿಸಿ, ತನ್ನದೇ ನೇಮಕಾತಿ ಪತ್ರದ ಪ್ರತಿಯನ್ನೂ ಕೇಳಿದಳು.

ಮರುದಿನ ಬೆಳಿಗ್ಗೆ ಇಬ್ಬರೂ ದೊಡ್ಡ ಮೇಡಂ ಎದುರು ನಿಂತಿದ್ದರು. ಗಾಜಕ್ಕ ಕೂರಲಿಲ್ಲ.

“ಮೇಡಂ, ನಾನು ಕೋಣೆ ಬಿಡಲ್ಲ. ಇವನೂ ಲೇಸರ್ ಬಿಡಬೇಕಾಗಿಲ್ಲ. ಮದುವೆ ಆಗೋದು ಬಿಡೋದು ನಮ್ಮಿಷ್ಟ.”

“ಹಠದಿಂದ ನಿಯಮ ಬದಲಾಗಲ್ಲ.”

“ಬದಲಾಗೋದು ಬೇಡ. ಇದ್ದ ಹಾಗೇ ಇರ್ಲಿ. ನೀವೇ ಓದಿ.” ಅವಳು ಪುಸ್ತಕ ತೆರೆದು ಮೇಜಿನ ಮೇಲಿಟ್ಟಳು.

ದೊಡ್ಡ ಮೇಡಂ ಓದಿದರು. ‘ಪತಿಪತ್ನಿಯರಲ್ಲಿ ಒಬ್ಬರು ಇನ್ನೊಬ್ಬರ ಕೈಕೆಳಗೆ ಕೆಲಸ ಮಾಡತಕ್ಕದ್ದಲ್ಲ.’ ಅಷ್ಟೇ ಇತ್ತು. ಒಂದೇ ವಿಭಾಗ ಎಂಬ ಮಾತು ಎಲ್ಲೂ ಇರಲಿಲ್ಲ. ಆಕೆ ಹಿಂದಿನ ಪುಟ ನೋಡಿದರು, ಮುಂದಿನ ಪುಟ ನೋಡಿದರು.

“ಆದ್ರೂ,” ಅಂದರು ನಿಧಾನವಾಗಿ, “ನೀನು ಇವರ ಪ್ರಯೋಗಕ್ಕೆ ಸೆಲ್ ಮಾಡಿಕೊಡೋಳು. ಅಂದ್ರೆ ಇವರ ಕೈಕೆಳಗೇ...”

“ಅಲ್ಲ ಮೇಡಂ.” ಗಾಜಕ್ಕ ನೇಮಕಾತಿ ಪತ್ರ ಮುಂದಿಟ್ಟಳು. “ಇದು ಹನ್ನೊಂದು ವರ್ಷದ ಹಿಂದೆ ನೀವೇ ಸಹಿ ಮಾಡಿದ್ದು. ಗಾಜಿನ ಕೋಣೆ ನೇರವಾಗಿ ಮುಖ್ಯಸ್ಥರಿಗೆ ಉತ್ತರ ಕೊಡಬೇಕು ಅಂತ ಬರೆದಿದ್ದೀರಿ. ಗಾಜು ಉಜ್ಜೋಳು, ಯಾವುದೋ ವಿಜ್ಞಾನಿ ಕೈಕೆಳಗೇ ಇರ್ತಾಳೆ ಅಂತ ಎಲ್ಲರೂ ಅಂದ್ಕೊಂಡ್ರು. ನಾನೂ ಹಾಗೇ ಅಂದ್ಕೊಂಡಿದ್ದೆ, ನಾಚಿಕೆ ಆಗುತ್ತೆ ಹೇಳೋಕೆ. ನಾನು ಇವನ ಕೈಕೆಳಗಿಲ್ಲ. ಯಾವತ್ತೂ ಇರಲಿಲ್ಲ.”

ಅವನು ತನ್ನ ಕಾಲಿನ ಬೆರಳುಗಳನ್ನು ನೋಡುತ್ತ, “ಕೈಕೆಳಗೆ ಅಂದ್ರೆ ನಾನೇ ಅವಳ ಕೈಕೆಳಗಿರೋದು ಮೇಡಂ,” ಅಂದ. “ಮೊದಲನೇ ದಿನದಿಂದ.”

“ನೀನು ಸುಮ್ನಿರು,” ಅಂದಳು ಗಾಜಕ್ಕ. ತುಟಿಯಂಚಿಗೆ ಬಂದ ನಗುವನ್ನು ಮಾತ್ರ ಅವಳಿಗೆ ಪೂರ್ತಿ ನುಂಗಲಾಗಲಿಲ್ಲ.

ದೊಡ್ಡ ಮೇಡಂ ನಗಲಿಲ್ಲ. ಪುಸ್ತಕದ ಆ ಒಂದು ಸಾಲಿನ ಮೇಲೆ ಅವರ ಬೆರಳು ಹಾಗೇ ನಿಂತಿತ್ತು.

“ಮೂವತ್ತು ವರ್ಷದ ಹಿಂದೆ ಇದೇ ಕಟ್ಟಡದಲ್ಲಿ ಒಬ್ಬರಿದ್ರು,” ಅಂದರು. “ನಾನು ಕೆಳಗಿನ ಮಹಡಿ, ಅವರು ಮೇಲಿನ ಮಹಡಿ. ಯಾರೂ ಯಾರ ಕೈಕೆಳಗೂ ಇರಲಿಲ್ಲ. ಒಂದೇ ವಿಭಾಗದಲ್ಲಿ ಇರೋ ಹಾಗಿಲ್ಲ ಅಂತ ಯಾರೋ ಹೇಳಿದ್ರು. ಇಬ್ಬರಿಗೂ ಕೆಲಸ ಬಿಡೋಕೆ ಮನಸ್ಸಿರಲಿಲ್ಲ. ಅವರು ದೂರ ಹೋದ್ರು.” ಸಾಲಿನಿಂದ ಬೆರಳು ತೆಗೆದು ಮತ್ತೆ ಅಂದರು, “ನಾವಿಬ್ಬರೂ ಅಷ್ಟು ಓದಿದೋರು. ಈ ಪುಸ್ತಕ ಮಾತ್ರ ತೆಗೆದು ನೋಡ್ಲಿಲ್ಲ.”

ಗಾಜಕ್ಕನಿಗೆ ಎದುರು ಕೂತಿದ್ದು ಮುಖ್ಯಸ್ಥೆಯಲ್ಲ, ಬರೀ ಒಬ್ಬ ಹೆಂಗಸು ಅಂತ ಅನ್ನಿಸಿತು. ಆದರೆ ದೊಡ್ಡ ಮೇಡಂ ಆಗಲೇ ಪೆನ್ನು ತೆಗೆದಿದ್ದರು. ಅವನ ವರ್ಗಾವಣೆ ಅರ್ಜಿಯ ಅಡ್ಡಕ್ಕೆ ಒಂದು ಗೆರೆ ಎಳೆದರು. ಗೆರೆ ಎಷ್ಟು ಜೋರಾಗಿತ್ತೆಂದರೆ ಕಾಗದ ಹರಿಯಿತು.

“ಹೋಗಿ,” ಅಂದರು. “ಇಬ್ಬರೂ ಕೆಲಸಕ್ಕೆ ಹೋಗಿ. ಯಾರಾದ್ರೂ ಏನಾದ್ರೂ ಅಂದ್ರೆ ನನ್ನ ಹತ್ರ ಕಳಿಸಿ.”

ಕಾರಿಡಾರಿನಲ್ಲಿ ಅವನು ಅವಳ ಹೆಜ್ಜೆಗೆ ಹೆಜ್ಜೆ ಹಾಕಲು ಓಡಬೇಕಾಯಿತು.

“ಹಾಗಾದ್ರೆ ಮದುವೆ ಯಾವಾಗ?”

ಅವಳು ನಿಂತಳು. “ಯಾವ ಮದುವೆ? ನಿಯಮ ಅಡ್ಡ ಬರಲ್ಲ ಅಂತ ಹೇಳ್ದೆ. ಒಪ್ಪಿದ್ದೀನಿ ಅಂತ ಎಲ್ಲಿ ಹೇಳ್ದೆ? ನೀನು ಪತ್ರ ಬರೆದೆ, ಮೇಡಂ ಕರೆದ್ರು, ಅತ್ತಿಗೆ ಬುದ್ಧಿ ಹೇಳಿದ್ರು. ನನ್ನನ್ನ ಯಾರೂ ಕೇಳೇ ಇಲ್ಲ.”

ಅವನು ಸುತ್ತ ನೋಡಿದ. ಅರ್ಧ ತೆರೆದ ಬಾಗಿಲುಗಳು, ಫೈಲು ಹಿಡಿದು ನಿಂತ ಗುಮಾಸ್ತ, ನೀರು ಕುಡಿಯುವ ನೆಪದಲ್ಲಿ ಲೋಟ ಹಿಡಿದ ಇಬ್ಬರು. ಮೊನ್ನೆ ಜೇಬಲ್ಲಿ ಪತ್ರ ಬಚ್ಚಿಟ್ಟುಕೊಂಡಿದ್ದ ಅವನಾಗಿದ್ದರೆ ಪಿಸುಗುಟ್ಟುತ್ತಿದ್ದ.

“ನನ್ನ ಮದುವೆ ಆಗ್ತೀಯಾ?” ಅಂತ ಇಡೀ ಕಾರಿಡಾರಿಗೆ ಕೇಳುವಂತೆ ಕೇಳಿದ. “ಇಲ್ಲ ಅಂದ್ರೂ ನಾಳೆ ಮೂರು ಗಂಟೆಗೆ ಬಂದು ಬಾಗಿಲು ತಟ್ತೀನಿ. ಹೂಂ ಅಂದ್ರೂ ತಟ್ಟೇ ಬರ್ತೀನಿ.”

ಗಾಜಕ್ಕ ಅವನನ್ನು ಸ್ವಲ್ಪ ಹೊತ್ತು ಕಾಯಿಸಿದಳು. ಕಾಯಿಸುವ ಹಕ್ಕು ತನ್ನದು ಎಂಬ ಸುಖವನ್ನು ಅವಳು ಮೂವತ್ತೈದು ವರ್ಷದಲ್ಲಿ ಮೊದಲ ಸಲ ಅನುಭವಿಸುತ್ತಿದ್ದಳು.

“ಆಗ್ತೀನಿ,” ಅಂದಳು. ಅದೂ ಇಡೀ ಕಾರಿಡಾರಿಗೆ ಕೇಳಿಸಿತು.

ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅವಳು ಮನೆಗೆ ಫೋನ್ ಮಾಡಿದಳು. ಅತ್ತಿಗೆ ಎಲ್ಲ ಕೇಳಿಸಿಕೊಂಡಳು, ಖುಷಿಯಾಯಿತು ಅಂದಳು, ದಿನ ಗೊತ್ತುಮಾಡಬೇಕು ಅಂದಳು, ಕೊನೆಗೆ ತಡೆಯಲಾರದೆ ಕೇಳಿದಳು:

“ಸರಿ, ಕೆಲಸ ಬಿಡ್ತಿರೋದು ಯಾರು?”

“ಯಾರೂ ಇಲ್ಲ ಅತ್ತಿಗೆ.”

ಲೈನ್ ಕಟ್ಟಾಯಿತೇನೋ ಅಂತ ಗಾಜಕ್ಕ ಫೋನನ್ನು ಕಿವಿಯಿಂದ ತೆಗೆದು ನೋಡಿದಳು. ಮತ್ತೆ ಕಿವಿಗಿಟ್ಟಾಗ ಅತ್ತಿಗೆಯ ದನಿ ತೀರಾ ಸಣ್ಣಗಾಗಿತ್ತು.

“ಹಾಗೂ ಆಗುತ್ತಾ?”